ಹರಾಜಿನಲ್ಲಿ ಎನಾಮೆಲ್ ವಸ್ತು ಕೊಳ್ಳುವಾಗ: ಚೆಕ್ಕೆ ಎದ್ದಿದ್ದು ಬೇಕೋ, ರಿಪೇರಿ ಆಗಿದ್ದು ಬೇಕೋ?

ಹಳೆತಾಮ್ರ:
ಎಲ್ಲರಿಗೂ ನಮಸ್ಕಾರ. ಒಂದು ಹರಾಜಿನ ಕ್ಯಾಟಲಾಗ್ ತೆರೆದಿಟ್ಟುಕೊಂಡು ಕೂತಿದ್ದೇನೆ. 18ನೇ ಶತಮಾನದ ಎರಡು ಇಂಗ್ಲಿಷ್ ನಶ್ಯದ ಡಬ್ಬಿಗಳು ಬಂದಿವೆ. ಎರಡೂ ತಾಮ್ರದ ತಗಡಿನ ಮೇಲೆ ಬಿಳಿ ಎನಾಮೆಲ್, ಅದರ ಮೇಲೆ ಹೂವಿನ ಚಿತ್ರ. ಎಸ್ಟಿಮೇಟ್ (ಹರಾಜಿನವರ ಅಂದಾಜು ಬೆಲೆ) ಹೆಚ್ಚುಕಮ್ಮಿ ಒಂದೇ. ಮೊದಲನೆಯದರ ಮುಚ್ಚಳದ ಅಂಚಿನಲ್ಲಿ ಚೆಕ್ಕೆ ಎದ್ದಿದೆ. ಫೋಟೋ ದೊಡ್ಡದು ಮಾಡಿದರೆ ಬಿಳಿ ಪದರದ ದಪ್ಪ, ಅದರ ಕೆಳಗೆ ಕಂದು ತಿರುಗಿದ ತಾಮ್ರ, ಎಲ್ಲ ಕಾಣುತ್ತದೆ. ಎರಡನೆಯದು ನೋಡಲು ಬಹಳ ಚೆನ್ನಾಗಿದೆ, ಆದರೆ ವಿವರಣೆಯ ಕೊನೆಯಲ್ಲಿ "ಸ್ವಲ್ಪ ರೆಸ್ಟೊರೇಶನ್ ಆಗಿದೆ" ಅಂತ ಒಂದೇ ಸಾಲು.

ನನ್ನ ಮಟ್ಟಿಗೆ ಚೆಕ್ಕೆ ಎದ್ದಿದ್ದೇ ಮೇಲು. ಅದರಲ್ಲಿ ಏನು ಹೋಗಿದೆ, ಏನು ಉಳಿದಿದೆ ಅನ್ನುವುದು ಕಣ್ಣೆದುರೇ ಇದೆ. ಎರಡನೆಯದರಲ್ಲಿ ಆ "ಸ್ವಲ್ಪ" ಎಷ್ಟು ಅಂತ ಯಾರಿಗೂ ಕಾಣುವುದಿಲ್ಲ. ಎನಾಮೆಲ್ ಕೊಳ್ಳುವವರು ಮೊದಲು ಅದರ ಮೈ ನೋಡಬೇಕು, ಹೆಸರು ಆಮೇಲೆ. ನಿಮಗೆಲ್ಲ ಏನನ್ನಿಸುತ್ತದೆ?

ಕುಲುಮೆಕೆಲಸ:
ನಾನು ಎನಾಮೆಲ್ ಸುಡುವ ಕೆಲಸ ಮಾಡುವವನು. ಸರ್, ನಿಮ್ಮ ಮಾತು ಒಪ್ಪುತ್ತೇನೆ. ಕಾರಣ ಹೇಳುತ್ತೇನೆ.

ಎನಾಮೆಲ್ ಅಂದರೆ ಬಣ್ಣ ಅಲ್ಲ, ಗಾಜು. ಗಾಜನ್ನು ಪುಡಿ ಮಾಡಿ ಲೋಹದ ಮೇಲೆ ಹರಡಿ ಕುಲುಮೆಗೆ ಇಡುತ್ತೇವೆ. 700ರಿಂದ 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ತಾಮ್ರ ಕರಗುವುದು 1085 ಡಿಗ್ರಿಗೆ, ಬೆಳ್ಳಿ 961ಕ್ಕೆ. ಹಾಗಾಗಿ ಹೊಸ ತಗಡಿನ ಮೇಲೆ ತೊಂದರೆ ಇಲ್ಲ. ಆದರೆ ಹಳೆ ಡಬ್ಬಿಯಲ್ಲಿ ಕೀಲು ಇದೆ, ಗಿಲ್ಟಿನ ಪಟ್ಟಿ ಇದೆ, ಬೆಸುಗೆ ಇದೆ. ಬಿರುಕುಗಳ ಒಳಗೆ ಇನ್ನೂರು ಮುನ್ನೂರು ವರ್ಷದ ಕೊಳೆ, ತೇವ ಸೇರಿಕೊಂಡಿದೆ. ಅದನ್ನು ಮತ್ತೆ ಕುಲುಮೆಗೆ ಇಟ್ಟರೆ ಗಾಜು ಕಪ್ಪಾಗಬಹುದು, ಗುಳ್ಳೆ ಏಳಬಹುದು, ಪಕ್ಕದ ಒಳ್ಳೆ ಭಾಗವೂ ಸಿಡಿಯಬಹುದು. ಬೆಸುಗೆಯೂ ಬಿಟ್ಟುಕೊಳ್ಳಬಹುದು.

ಅದಕ್ಕೇ ಹಳೆ ವಸ್ತುವಿನ ರಿಪೇರಿ ಅಂದರೆ ಹೆಚ್ಚಿನ ಪಾಲು ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಅಂಟು) ತುಂಬಿ ಮೇಲೆ ಬಣ್ಣ ಹಚ್ಚುವುದು. ನಾವು ಅದನ್ನು ಕೋಲ್ಡ್ ಎನಾಮೆಲ್ ಅನ್ನುತ್ತೇವೆ. ಅದು ಗಾಜಲ್ಲ. ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಗಾಜು ಮಾತ್ರ ಹಾಗೇ ಇರುತ್ತದೆ. ಇವತ್ತು ಕಾಣದ ತೇಪೆ ನಾಳೆ ಎದ್ದು ಕಾಣುತ್ತದೆ.

ಹೊಸಕೈ:
ನಾನು ಈಗಷ್ಟೇ ಶುರು ಮಾಡಿದ್ದೇನೆ. ಬರೀ ಫೋಟೋ ನೋಡಿ ರೆಸಿನ್ ಯಾವುದು, ಗಾಜು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ವಸ್ತು ಕೈಗೆ ಸಿಕ್ಕರೆ ಏನು ನೋಡಬೇಕು?

ಹಳೆತಾಮ್ರ:
ಫೋಟೋದಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ಆದರೂ ಬೆಳಕಿನ ಹೊಳಪು ನೋಡಿ. ಕಿಟಕಿಯದೋ ದೀಪದ್ದೋ ಪ್ರತಿಬಿಂಬ ಎನಾಮೆಲ್ ಮೇಲೆ ಬಿದ್ದಿರುತ್ತದೆ. ಗಾಜಿನ ಮೇಲೆ ಅದರ ಅಂಚು ಚೂಪಾಗಿ ಇರುತ್ತದೆ. ತೇಪೆ ಇದ್ದಲ್ಲಿ ಅದು ಮಸುಕಾಗುತ್ತದೆ ಅಥವಾ ಅಲೆಯಲೆಯಾಗುತ್ತದೆ. ಓರೆ ಬೆಳಕಿನಲ್ಲಿ ತೆಗೆದ ಫೋಟೋ ಕಳಿಸಿ ಅಂತ ಹರಾಜಿನವರನ್ನು ಕೇಳಿ. ಕೇಳಲು ಸಂಕೋಚ ಬೇಡ.

ಕೈಗೆ ಸಿಕ್ಕರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಮೊದಲು ಅಂಚು, ಕೀಲಿನ ಪಕ್ಕ, ತಳ ನೋಡಿ. ಮುಖದ ಚಿತ್ರ ಕೊನೆಗೆ ಸಾಕು. ಪೆಟ್ಟು ಬೀಳುವುದು ಅಂಚಿಗೆ, ರಿಪೇರಿ ಮಾಡುವವರು ಹೆಚ್ಚು ಬಣ್ಣ ಚಾಚುವುದೂ ಅಲ್ಲೇ. ಹಳೆ ಗಾಜಿನಲ್ಲಿ ಸೂಜಿಮೊನೆಯಂಥ ಗುಳ್ಳೆಗಳು, ಸವೆತದ ಸಣ್ಣ ಗೀರುಗಳು ಇರುತ್ತವೆ. ಆ ಗೀರು ಒಂದು ಕಡೆ ಓಡಿಬಂದು ಥಟ್ಟನೆ ನಿಂತು, ಮುಂದೆ ಮೈ ನುಣ್ಣಗಿದ್ದರೆ ಅಲ್ಲಿಂದ ತೇಪೆ ಶುರುವಾಗಿದೆ ಅಂತ ತಿಳಿಯಿರಿ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದರೆ ಹಲವು ರೆಸಿನ್‌ಗಳು ಹಾಲಿನಂತೆ ಹೊಳೆಯುತ್ತವೆ. ಎಲ್ಲವೂ ಹೊಳೆಯುವುದಿಲ್ಲ. ಹಾಗಾಗಿ ಟಾರ್ಚಿಗೆ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ವಸ್ತು ಸರಿಯಿದೆ ಅನ್ನುವ ಹಾಗಿಲ್ಲ. ಇನ್ನೊಂದು ಮಾತು. ಕಾಯಿಸಿದ ಸೂಜಿ ಚುಚ್ಚಿ ನೋಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದು ವಸ್ತುವನ್ನೇ ಹಾಳು ಮಾಡುತ್ತದೆ. ನಿಮ್ಮದಲ್ಲದ ವಸ್ತುವಿನ ಮೇಲಂತೂ ಮಾಡಲೇಬಾರದು.

ತಂತಿಹೂ:
ಕ್ಲೂಸೊನೆ ಕೊಳ್ಳುವವರಿಗೆ ಇನ್ನೂ ಸುಲಭದ ಗುರುತು ಇದೆ. ತಂತಿ ನೋಡಿ. ಲೋಹದ ತಂತಿಯನ್ನು ಬಗ್ಗಿಸಿ ಮನೆ ಮನೆ ಮಾಡಿ, ಅದರೊಳಗೆ ಬಣ್ಣದ ಗಾಜು ತುಂಬುವುದು ಈ ಕೆಲಸ. ಹೂದಾನಿ ಬಿದ್ದು ಒಳಗಿನ ತಾಮ್ರ ತಗ್ಗಾದರೆ ಮೇಲಿನ ಗಾಜು ನಕ್ಷತ್ರದ ಹಾಗೆ ಬಿರಿದು ಉದುರುತ್ತದೆ, ತಂತಿಯೂ ಕಿತ್ತು ಬರುತ್ತದೆ. ರಿಪೇರಿಯವರು ಗುಂಡಿ ತುಂಬಿ, ತಂತಿ ಇದ್ದ ಜಾಗದಲ್ಲಿ ಚಿನ್ನದ ಬಣ್ಣದಲ್ಲಿ ಗೆರೆ ಎಳೆಯುತ್ತಾರೆ. ಲೂಪ್ ಹಿಡಿದು ಒಂದು ಬಳ್ಳಿಯ ತಂತಿಯನ್ನೇ ಕಣ್ಣಲ್ಲಿ ಹಿಂಬಾಲಿಸಿ. ನಿಜವಾದ ತಂತಿಗೆ ದಪ್ಪ ಇದೆ, ಎರಡೂ ಬದಿ ಗಾಜಿನ ಗೋಡೆ ಇದೆ. ಎಳೆದ ಗೆರೆ ಬರೀ ಮೇಲೆ ಕೂತಿರುತ್ತದೆ. ಬಾಯೊಳಗೆ ದೀಪ ಬಿಟ್ಟು ಒಳಮೈ ತಗ್ಗಾಗಿದೆಯಾ ಅಂತಲೂ ನೋಡಿ. ಹೊರಗಡೆ ಮುಚ್ಚಿದ ಪೆಟ್ಟು ಒಳಗಡೆ ಉಳಿದಿರುತ್ತದೆ.

ಚೀನಾದ ಹಳೆ ಕೆಲಸದಲ್ಲಿ ಗುಳ್ಳೆ ಒಡೆದ ಸಣ್ಣ ಗುಂಡಿಗಳು, ಅದಕ್ಕೆ ಬಣ್ಣದ ಮೇಣ ತುಂಬಿದ್ದು ಸಿಗುತ್ತದೆ. ಅದನ್ನು ದೊಡ್ಡ ದೋಷ ಅಂತ ನಾನು ಎಣಿಸುವುದಿಲ್ಲ. ಜಪಾನಿನ ಮೇಜಿ ಕಾಲದ (1868–1912) ಒಳ್ಳೆ ಕೆಲಸದಲ್ಲಿ ಮಾತ್ರ ಒಂದು ಗುಂಡಿಯೂ ದುಬಾರಿ, ಯಾಕೆಂದರೆ ಅವರು ಮೈಯನ್ನು ಕನ್ನಡಿಯಷ್ಟು ಉಜ್ಜಿ ಹೊಳಪು ಕೊಡುತ್ತಿದ್ದರು. ಕ್ಯೋಟೋದ ನಮಿಕಾವಾ ಯಾಸುಯುಕಿ ಅವರ ಕಪ್ಪು ನೆಲದ ಹೂದಾನಿ ನೋಡಿದವರಿಗೆ ಇದು ಗೊತ್ತು. ಟೋಕಿಯೋದ ನಮಿಕಾವಾ ಸೊಸುಕೆ ಬೇರೆಯವರು, ಇಬ್ಬರೂ ಸಂಬಂಧಿಕರಲ್ಲ. ಸೊಸುಕೆ ಅವರು ತಂತಿಯೇ ಕಾಣದ ಹಾಗೆ, ಕುಂಚದಲ್ಲಿ ಬರೆದ ಚಿತ್ರದಂತೆ ಮಾಡಿದವರು. 1896ರಲ್ಲಿ ಇಬ್ಬರನ್ನೂ ಅರಮನೆಯ ಕಲಾವಿದರನ್ನಾಗಿ ನೇಮಿಸಿದರು. ಕ್ಯಾಟಲಾಗಿನಲ್ಲಿ ಬರೀ "ನಮಿಕಾವಾ" ಅಂತ ಇದ್ದರೆ ಯಾರು ಅಂತ ಕೇಳಿ.

ಶೋಕೇಸು:
ನಾನು ಬೇರೆ ಥರ ಯೋಚಿಸುವವಳು, ಬೇಸರ ಮಾಡಿಕೊಳ್ಳಬೇಡಿ. ನಾವು ವಸ್ತು ಕೊಳ್ಳುವುದು ಕಣ್ಣಿಗೆ ಚೆಂದ ಅಂತ ಅಲ್ವಾ? ಮುಖದ ಮಧ್ಯೆ ಉದುರಿಹೋಗಿ ತಾಮ್ರ ಕಾಣುವ ಫಲಕವನ್ನು ದಿನಾ ನೋಡುವುದಕ್ಕಿಂತ, ನುರಿತವರು ಸರಿಮಾಡಿದ್ದು ನೋಡುವುದು ನನಗಿಷ್ಟ. ಮ್ಯೂಸಿಯಂನವರೂ ರೆಸ್ಟೊರೇಶನ್ ಮಾಡಿಸುತ್ತಾರೆ. ಒಡೆದ ಅಂಚನ್ನು ಹಾಗೇ ಬಿಟ್ಟರೆ ಪಕ್ಕದ ಗಾಜು ಇನ್ನಷ್ಟು ಎದ್ದುಬರುವ ಅಪಾಯವೂ ಇದೆ. ರಿಪೇರಿ ಅಂದರೆ ಮೋಸ ಅನ್ನುವ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಕುಲುಮೆಕೆಲಸ:
ಮೇಡಂ, ಅಂಚಿನ ಬಗ್ಗೆ ನೀವು ಹೇಳಿದ್ದು ನಿಜ. ಎದ್ದುನಿಂತ ಅಂಚನ್ನು ಹಿಡಿದು ನಿಲ್ಲಿಸಲೇಬೇಕು. ಮ್ಯೂಸಿಯಂನವರು ಮಾಡುವ ಕೆಲಸದಲ್ಲಿ ಎರಡು ವಿಷಯ ಇದೆ ನೋಡಿ. ಬೇಕಾದಾಗ ತೆಗೆಯಲು ಬರುವ ವಸ್ತು ಬಳಸುತ್ತಾರೆ, ಮಾಡಿದ್ದನ್ನು ಬರೆದಿಡುತ್ತಾರೆ. ತುಂಬುವುದು ಗುಂಡಿಯನ್ನು ಮಾತ್ರ. ಮಾರಾಟಕ್ಕೆ ಅಂತ ಮಾಡಿದ ರಿಪೇರಿಯಲ್ಲಿ ಹಲವು ಸಲ ಹೀಗಿರುವುದಿಲ್ಲ. ಸಾಸಿವೆಯಷ್ಟು ಗುಂಡಿ ಮುಚ್ಚಲು ಸುತ್ತಲಿನ ಒಳ್ಳೆ ಗಾಜಿನ ಮೇಲೂ ಬಣ್ಣ ಸಿಂಪಡಿಸುತ್ತಾರೆ, ಬಣ್ಣ ಬೆರೆಯಲಿ ಅಂತ. ಆಮೇಲೆ ಅಸಲು ಎಲ್ಲಿ, ನಕಲು ಎಲ್ಲಿ ಅನ್ನುವುದೇ ತಿಳಿಯದು.

ಹಳೆತಾಮ್ರ:
ಶೋಕೇಸು ಮೇಡಂ, ಗುಂಡಿ ತುಂಬಿ ಅದನ್ನು ಬಾಯಿಬಿಟ್ಟು ಹೇಳಿದರೆ ನನ್ನದೂ ಅಡ್ಡಿಯಿಲ್ಲ. ಆ ಮಾತು ನಾನು ಮೊದಲೇ ಸೇರಿಸಬೇಕಿತ್ತು ಅನ್ನುವಷ್ಟು ಮುಖ್ಯ. ನನ್ನ ತಕರಾರು ಅಸಲಿ ಎನಾಮೆಲ್ ಮೇಲೆಯೇ ಬಣ್ಣ ಬಳಿಯುವುದರ ಬಗ್ಗೆ, ಮತ್ತೆ ಆ ಒಂದು ಸಾಲಿನ "ಸ್ವಲ್ಪ" ಬಗ್ಗೆ.

ಬಿಲ್ಲೆಪೆಟ್ಟಿಗೆ:
ಪದಕ, ಬಿಲ್ಲೆ ಸಂಗ್ರಹಿಸುವವರಿಗೂ ಇದೇ ಪ್ರಶ್ನೆ ದಿನಾ ಎದುರಾಗುತ್ತದೆ. ಫ್ರಾನ್ಸಿನ ಲೀಜಿಯನ್ ಆಫ್ ಆನರ್ ತೆಗೆದುಕೊಳ್ಳಿ. 1802ರಲ್ಲಿ ನೆಪೋಲಿಯನ್ ಸ್ಥಾಪಿಸಿದ್ದು. ಐದು ಬಿಳಿ ತೋಳು, ಒಂದೊಂದರ ತುದಿಯೂ ಎರಡಾಗಿ ಸೀಳಿ, ಸೀಳಿದ ತುದಿಗಳಲ್ಲಿ ಪುಟ್ಟ ಗುಂಡು. ಗುಂಡುಗಳ ನಡುವೆ ಇರುವ ಬಿಳಿ ಎನಾಮೆಲ್ ಬಹಳ ಬೇಗ ಚೆಕ್ಕೆ ಏಳುತ್ತದೆ. ತೋಳುಗಳ ನಡುವಿನ ಹಸಿರು ಎಲೆಗಳೂ ಅಷ್ಟೇ. ಧರಿಸಿ ಓಡಾಡಿದ ಪದಕದಲ್ಲಿ ಅಷ್ಟು ಇರುವುದು ಸಹಜ. ನೂರು ವರ್ಷ ದಾಟಿದ ಪದಕದ ಹತ್ತೂ ತುದಿ ಬೆಳ್ಳಗೆ ಹೊಳೆಯುತ್ತಿದ್ದರೆ ನಾನು ಲೂಪ್ ತೆಗೆಯುತ್ತೇನೆ.

ಫ್ರಾನ್ಸಿನ ಆಳ್ವಿಕೆ ಬದಲಾದ ಹಾಗೆ ಈ ಪದಕದ ನಡುಭಾಗವೂ ಬದಲಾಗಿದೆ. ಮೂರನೇ ಗಣರಾಜ್ಯದ್ದರಲ್ಲಿ 1870 ಅಂತ ಇರುತ್ತದೆ. ಅದು ಆ ಗಣರಾಜ್ಯ ಶುರುವಾದ ವರ್ಷ, ಪದಕ ಮಾಡಿದ ವರ್ಷ ಅಲ್ಲ, ಹೊಸಬರು ಗಮನಿಸಿ. ನಡುಭಾಗ ಒಂದು ಕಾಲದ್ದು, ತೋಳು ಇನ್ನೊಂದು ಕಾಲದ್ದು ಸೇರಿಸಿದ ಪದಕಗಳೂ ಹರಾಜಿಗೆ ಬರುತ್ತವೆ.

ಸೋವಿಯತ್ ಕಾಲದ ಆರ್ಡರ್ ಆಫ್ ದಿ ರೆಡ್ ಸ್ಟಾರ್ 1930ರಲ್ಲಿ ಶುರುವಾಯಿತು. ಬೆಳ್ಳಿ, ಮೇಲೆ ಕಡುಕೆಂಪು ಎನಾಮೆಲ್, ಹಿಂದೆ ಕ್ರಮಸಂಖ್ಯೆ. ನಕ್ಷತ್ರದ ತುದಿಗಳಲ್ಲಿ ಎನಾಮೆಲ್ ಹೋಗಿರುವುದು ತುಂಬಾ ಸಾಮಾನ್ಯ. ಅಲ್ಲಿ ಕೆಂಪು ರೆಸಿನ್ ಹಚ್ಚಿದರೆ ಕಂಡುಹಿಡಿಯುವ ದಾರಿ ಇದೆ. ಅಸಲಿ ಎನಾಮೆಲ್ ಪಾರದರ್ಶಕ. ಒಳಗಿನ ಬೆಳ್ಳಿಯ ಮೇಲಿನ ಅಚ್ಚಿನ ಗೆರೆ ಕಾಣುತ್ತದೆ, ಬೆಳಕು ಒಳಗೆ ಹೋಗಿ ತಿರುಗಿ ಬರುತ್ತದೆ. ಹಚ್ಚಿದ ಕಡೆ ಬಣ್ಣ ಸತ್ತಂತೆ ಇರುತ್ತದೆ. ಸಂಖ್ಯೆಯಿಂದ ಸೈನಿಕನ ದಾಖಲೆ ಸಿಗುವ ಸಾಧ್ಯತೆ ಇದ್ದರೆ, ಚೆಕ್ಕೆ ಎದ್ದಿದ್ದರೂ ಅದನ್ನೇ ಕೊಳ್ಳಿ. ಒಬ್ಬ ಮನುಷ್ಯ ಎದೆಯ ಮೇಲೆ ಹಾಕಿಕೊಂಡು ಓಡಾಡಿದ ವಸ್ತು ಅದು. ಆ ಚೆಕ್ಕೆಗೆ ಬಣ್ಣ ಹಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಗಡಿಯಾರಪ್ರೇಮಿ:
ಜೇಬುಗಡಿಯಾರದ ಬಿಳಿ ಡಯಲ್ ಕೂಡ ತಾಮ್ರದ ಮೇಲಿನ ಎನಾಮೆಲ್ಲೇ. ಹಿಂಬದಿಗೂ ಎನಾಮೆಲ್ ಕೊಟ್ಟಿರುತ್ತಾರೆ. ಒಂದೇ ಬದಿಗೆ ಕೊಟ್ಟರೆ ತಣಿಯುವಾಗ ತಗಡು ಬಾಗುತ್ತದೆ, ಗಾಜು ಬಿರಿಯುತ್ತದೆ. ಕೂದಲೆಳೆ ಬಿರುಕು ಇರುವ ಡಯಲ್ ಬಗ್ಗೆ ಹೆದರಬೇಡಿ, ಅದು ವಯಸ್ಸಿನ ಗುರುತು. ಅದರಲ್ಲಿ ಕೊಳೆ ಕೂತು ಕಪ್ಪಾಗಿ ಕಾಣುತ್ತದೆ ಅಷ್ಟೇ. ಕೀ ಕೊಡುವ ತೂತಿನ ಸುತ್ತ, ಡಯಲನ್ನು ಯಂತ್ರಕ್ಕೆ ಹಿಡಿದಿಡುವ ಹಿಂಬದಿಯ ಕಾಲುಗಳು ಬೆಸೆದಿರುವ ಜಾಗದ ಮೇಲೆ ಉದುರಿದೆಯಾ ನೋಡಿ. ಅಲ್ಲಿ ಬಿಳಿ ಮೇಣವೋ ರೆಸಿನ್ನೋ ತುಂಬಿದ್ದರೆ ಅಂಕಿಯ ಕಾಲು, ನಿಮಿಷದ ಚುಕ್ಕಿ ಒಂದೆರಡು ಕೈಯಲ್ಲಿ ತಿದ್ದಿದ್ದು ಸಿಕ್ಕಿಬೀಳುತ್ತದೆ.

ಹೊಸಕೈ:
ಹೆಸರಿನ ವಿಷಯಕ್ಕೆ ಬರೋಣ. ಹಳೆತಾಮ್ರ ಸರ್, ನೀವು ಹೇಳಿದ ಡಬ್ಬಿಗಳನ್ನು ಕ್ಯಾಟಲಾಗಿನಲ್ಲಿ "ಬ್ಯಾಟರ್ಸಿ" ಅಂತ ಕರೆದಿದ್ದಾರಾ? ಎಲ್ಲಿ ನೋಡಿದರೂ ಅದೇ ಹೆಸರು ಕಾಣುತ್ತದೆ.

ಹಳೆತಾಮ್ರ:
ಒಂದಕ್ಕೆ ಹಾಗೆ ಕರೆದಿದ್ದಾರೆ, ನಾನು ನಂಬಿಲ್ಲ. ಲಂಡನ್ನಿನ ಬ್ಯಾಟರ್ಸಿಯ ಯಾರ್ಕ್ ಹೌಸಿನಲ್ಲಿ ಎನಾಮೆಲ್ ಕಾರ್ಖಾನೆ ನಡೆದಿದ್ದು 1753ರಿಂದ 1756ರವರೆಗೆ ಮಾತ್ರ. ಸ್ಟೀಫನ್ ಥಿಯೊಡೋರ್ ಜಾನ್ಸೆನ್ ಅದರ ಮುಖ್ಯ ಪಾಲುದಾರ. ದಿವಾಳಿಯಾಗಿ ಮುಚ್ಚಿತು. ಚಿತ್ರವನ್ನು ಅಚ್ಚಿನಿಂದ ಎನಾಮೆಲ್ ಮೇಲೆ ಇಳಿಸುವ ಪದ್ಧತಿಗೆ ಅದು ಹೆಸರಾಗಿತ್ತು. ಮೂರು ವರ್ಷದ ಕಾರ್ಖಾನೆಯಿಂದ ಇಷ್ಟು ಡಬ್ಬಿ ಬರಲು ಸಾಧ್ಯವೇ ಇಲ್ಲ. ಈ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಡಬ್ಬಿಗಳು ಇಂಗ್ಲೆಂಡಿನ ನಡುಭಾಗದ ಬಿಲ್ಸ್ಟನ್, ವೆಡ್ನೆಸ್‌ಬರಿ, ಬರ್ಮಿಂಗ್‌ಹ್ಯಾಮ್ ಕಡೆಯವು. ಅವು ಕೀಳಲ್ಲ. ಗುಲಾಬಿ, ತಿಳಿನೀಲಿ ನೆಲದ ಬಿಲ್ಸ್ಟನ್ ಡಬ್ಬಿ ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ. ಬ್ಯಾಟರ್ಸಿ ಅನ್ನುವ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಡಿ ಅಷ್ಟೇ.

ಪ್ಯಾರಿಸ್ಸಿನ ಸ್ಯಾಮ್ಸನ್ ಕಂಪನಿ 19ನೇ ಶತಮಾನದಲ್ಲಿ ಇಂಥ ಡಬ್ಬಿಗಳ ಪ್ರತಿಗಳನ್ನು ಚೆನ್ನಾಗಿಯೇ ಮಾಡಿತು. ಇನ್ನು ಇಂಗ್ಲೆಂಡಿನ ಹ್ಯಾಲ್ಸಿಯನ್ ಡೇಸ್ ಕಂಪನಿ 1970ರಿಂದ ಮಾಡಿದ ಡಬ್ಬಿಗಳಿವೆ. ಅವರು ತಮ್ಮ ಹೆಸರು ಹಾಕಿಯೇ ಮಾರುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ತಳ ನೋಡದೆ ಬಿಡ್ ಮಾಡಿದವರಿಗೆ ಮಾತ್ರ ಗೊಂದಲ.

ತಂತಿಹೂ:
ಚೀನಾದ ವಸ್ತುಗಳಲ್ಲೂ ಇದೇ ಕಥೆ. ತಳದಲ್ಲಿ ಮಿಂಗ್ ಕಾಲದ ಜಿಂಗ್‌ತಾಯ್ ದೊರೆಯ ಮುದ್ರೆ ಇದ್ದರೆ ಅದು 1450ರ ದಶಕದ್ದು ಅಂತ ಅರ್ಥವಲ್ಲ. ಆ ಕಾಲದ ಕೆಲಸಕ್ಕೆ ಅಷ್ಟು ಹೆಸರಿತ್ತು ಅಂತ, ನಂತರದ ಶತಮಾನಗಳಲ್ಲಿ ಗೌರವಕ್ಕೋ ಲಾಭಕ್ಕೋ ಅದೇ ಮುದ್ರೆ ಹಾಕುತ್ತಾ ಬಂದರು. ತಳದಲ್ಲಿ ಇಂಗ್ಲಿಷಿನಲ್ಲಿ ಚೀನಾ ಅಂತ ಒತ್ತಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅನ್ನುವ ಕಾನೂನು ಆಗ ಜಾರಿಗೆ ಬಂತು.

ಬಿಲ್ಲೆಪೆಟ್ಟಿಗೆ:
ರಷ್ಯಾದ ವಸ್ತುಗಳಲ್ಲಿ ಮುದ್ರೆ (ಬೆಳ್ಳಿ ಬಂಗಾರದ ಶುದ್ಧತೆಗೆ ಒತ್ತುತ್ತಿದ್ದ ಸರ್ಕಾರಿ ಗುರುತು) ಓದಲು ಬಂದರೆ ಬಹಳ ಅನುಕೂಲ. ತಲೆಗೆ ಕೊಕೊಶ್ನಿಕ್ (ರಷ್ಯಾದ ಹೆಂಗಸರ ಸಾಂಪ್ರದಾಯಿಕ ಶಿರೋಭೂಷಣ) ತೊಟ್ಟ ಹೆಂಗಸಿನ ಮುಖ 1899ರಿಂದ 1908ರವರೆಗೆ ಎಡಕ್ಕೆ ತಿರುಗಿದೆ, 1908ರ ನಂತರ ಬಲಕ್ಕೆ. ಉದಾಹರಣೆಗೆ, ರಷ್ಯಾದ ಹೆಸರಾಂತ ಆಭರಣ ಸಂಸ್ಥೆ ಫ್ಯಾಬರ್ಜೆಯ ಕಾರ್ಯಾಗಾರದ ಮುಖ್ಯ ಕುಶಲಕರ್ಮಿ ಮಿಖಾಯಿಲ್ ಪೆರ್ಖಿನ್ ತೀರಿಕೊಂಡಿದ್ದು 1903ರಲ್ಲಿ. ಅವರ ಮುದ್ರೆಯ ಪಕ್ಕದಲ್ಲೇ ಬಲಕ್ಕೆ ತಿರುಗಿದ ಮುಖ ಇದ್ದರೆ ಏನೋ ಎಡವಟ್ಟಾಗಿದೆ ಅಂತ ತಾನೇ?

ಮುದ್ರೆ ಸರಿಯಿದ್ದರೂ ಎನಾಮೆಲ್ ನೋಡದೆ ಬಿಡಬೇಡಿ. ಫ್ಯಾಬರ್ಜೆಯವರ ಗಿಯೋಶೆ ಕೆಲಸದಲ್ಲಿ ಮೊದಲು ಯಂತ್ರದಿಂದ ಲೋಹದ ಮೇಲೆ ಅಲೆ, ಸೂರ್ಯಕಿರಣದಂಥ ಗೆರೆ ಕೊರೆಯುತ್ತಾರೆ. ಅದರ ಮೇಲೆ ಪದರ ಪದರವಾಗಿ ಪಾರದರ್ಶಕ ಎನಾಮೆಲ್ ಸುಡುತ್ತಾರೆ. ವಸ್ತು ತಿರುಗಿಸಿದಾಗ ಬೆಳಕು ಗೆರೆಗಳ ಮೇಲೆ ಓಡಬೇಕು. ಅಚ್ಚು ಒತ್ತಿದ ಅಗ್ಗದ ತಗಡಿನಲ್ಲಿ ಗೆರೆಯ ಅಂಚು ಮೊಂಡಾಗಿರುತ್ತದೆ, ಆ ಓಟ ಇರುವುದಿಲ್ಲ. 1902ರಲ್ಲಿ ಮಾಡಿದ, ಗುಲಾಬಿ ಎನಾಮೆಲ್‌ನ ರಾತ್‌ಸ್‌ಚೈಲ್ಡ್ ಮೊಟ್ಟೆ (ಫ್ಯಾಬರ್ಜೆಯವರದೇ ಅಲಂಕಾರದ ಮೊಟ್ಟೆ) 2007ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 90 ಲಕ್ಷ ಪೌಂಡಿಗೆ ಹೋಯಿತು. ಈ ಹೆಸರಿಗೆ ಇಷ್ಟು ಬೆಲೆ ಇರುವುದರಿಂದಲೇ ನಕಲು ಮುದ್ರೆಗಳೂ ಅಷ್ಟಿವೆ.

ಕುಲುಮೆಕೆಲಸ:
ತುಂಬಾ ಬೆಲೆಯ ವಸ್ತುವಾದರೆ ಎಕ್ಸ್‌ಆರ್‌ಎಫ್ (ಎಕ್ಸ್‌ರೇ ಬಿಟ್ಟು ನೋಡುವ) ಪರೀಕ್ಷೆ ಕೇಳಬಹುದು. ವಸ್ತುವಿಗೆ ಏನೂ ಆಗುವುದಿಲ್ಲ, ಗಾಜಿನಲ್ಲಿ ಯಾವ ಯಾವ ಲೋಹ ಇದೆ ಅಂತ ತಿಳಿಯುತ್ತದೆ. ಕ್ರೋಮಿಯಂ ಪತ್ತೆಯಾಗಿದ್ದೇ 18ನೇ ಶತಮಾನದ ಕೊನೆಯಲ್ಲಿ. ಎನಾಮೆಲ್‌ಗೆ ಹೆಸರಾದ ಫ್ರಾನ್ಸಿನ ಊರು ಲಿಮೋಜ್‌ನ 16ನೇ ಶತಮಾನದ ತಟ್ಟೆ ಅಂತ ಮಾರುತ್ತಿರುವುದರ ಹಸಿರಿನಲ್ಲಿ ಕ್ರೋಮಿಯಂ ಸಿಕ್ಕರೆ, ಆ ಹಸಿರು 16ನೇ ಶತಮಾನದ್ದಲ್ಲ.

ಫಲಕಸಂಗ್ರಹ:
ಹಳೆ ಜಾಹೀರಾತು ಫಲಕದವರ ಪರವಾಗಿ ನನ್ನದೂ ಒಂದು ಮಾತು. ಕಬ್ಬಿಣದ ತಗಡಿನ ಮೇಲೆ ಒಂದೊಂದು ಬಣ್ಣವನ್ನೂ ಸ್ಟೆನ್ಸಿಲ್ ಇಟ್ಟು ಬೇರೆ ಬೇರೆಯಾಗಿ ಸುಟ್ಟಿರುತ್ತಾರೆ. ಬೆರಳಾಡಿಸಿದರೆ ಅಕ್ಷರದ ಅಂಚಿನಲ್ಲಿ ಮೆಟ್ಟಿಲು ಸಿಗುತ್ತದೆ. ಹೊಸ ಪ್ರತಿಗಳಲ್ಲಿ ಮೈ ಒಂದೇ ಸಮ, ತಗಡೂ ತೆಳು. ಸ್ಕ್ರೂ ತೂತಿನ ಸುತ್ತ ಉದುರಿ ತುಕ್ಕು ಹಿಡಿದಿರುವುದು ನ್ಯಾಯವೇ, ಬಿಗಿ ಮಾಡುವಾಗ ಗಾಜು ಒಡೆಯುತ್ತದೆ. ಆ ತೂತಿನ ಸುತ್ತ ಅಚ್ಚುಕಟ್ಟಾಗಿ ಬಣ್ಣ ತುಂಬಿದ ಫಲಕ ಬಂದರೆ ನಾನು ಬಿಡ್ ಅರ್ಧಕ್ಕೆ ಇಳಿಸುತ್ತೇನೆ.

ಹೊಸಕೈ:
ಹರಾಜಿನವರಿಗೆ ಏನಂತ ಬರೆದು ಕೇಳಲಿ? "ಕಂಡೀಷನ್ ಹೇಗಿದೆ" ಅಂತ ಕೇಳಿದರೆ "ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ" ಅಂತ ಬಂತು.

ಹಳೆತಾಮ್ರ:
ಹಾಗೆ ಕೇಳಿದರೆ ಹಾಗೇ ಉತ್ತರ ಬರುತ್ತದೆ. ಹೌದು ಅಥವಾ ಇಲ್ಲ ಅನ್ನಲೇಬೇಕಾದ ಪ್ರಶ್ನೆ ಕೇಳಿ. ಎನಾಮೆಲ್ ಮೇಲೆ ರೆಸಿನ್ ಅಥವಾ ಬಣ್ಣ ಇದೆಯಾ? ಇದ್ದರೆ ಎಲ್ಲಿಂದ ಎಲ್ಲಿಯವರೆಗೆ? ಯುವಿ ಬೆಳಕಿನಲ್ಲಿ ನೋಡಿದ್ದೀರಾ, ಆ ಫೋಟೋ ಕಳಿಸುತ್ತೀರಾ? ಮುಚ್ಚಳದ ಒಳಬದಿ, ತಳ, ಕೀಲಿನ ಫೋಟೋ ಬೇಕು. ಉತ್ತರ ಬರಹದಲ್ಲೇ ಇರಲಿ, ಫೋನಿನಲ್ಲಿ ಹೇಳಿದ್ದು ಆಮೇಲೆ ಕೈಗೆ ಸಿಗುವುದಿಲ್ಲ. ಹೆಚ್ಚಿನ ಹರಾಜುಗಳಲ್ಲಿ ವಸ್ತುವನ್ನು ಇದ್ದ ಹಾಗೆಯೇ ಮಾರುತ್ತಾರೆ. ಕೊಂಡ ಮೇಲೆ ರಿಪೇರಿ ಕಂಡಿತು ಅಂತ ವಾಪಸ್ ಕೊಡುವುದು ಕಷ್ಟ. ಷರತ್ತುಗಳನ್ನು ಬಿಡ್ ಮಾಡುವ ಮೊದಲೇ ಓದಿ.

"ಇಂಥವರ ಕೆಲಸ" ಅನ್ನುವುದಕ್ಕೂ, "ಇಂಥವರ ಶೈಲಿಯಲ್ಲಿ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಶೈಲಿಯಲ್ಲಿ ಅಂದರೆ ಅವರದ್ದಲ್ಲ ಅಂತಲೇ ಓದಿಕೊಳ್ಳಿ. ಹ್ಯಾಮರ್ ಬೀಳುವ ಬೆಲೆಗೆ (ಗೆದ್ದ ಬಿಡ್‌ಗೆ) ಬಯರ್ಸ್ ಪ್ರೀಮಿಯಂ (ಹರಾಜಿನವರು ಕೊಂಡವರಿಂದ ಪಡೆಯುವ ಕಮಿಷನ್), ತೆರಿಗೆ, ಸಾಗಾಟ, ವಿಮೆ ಎಲ್ಲ ಸೇರುತ್ತದೆ. ಒಟ್ಟು ಎಷ್ಟು ಕೊಡಬಲ್ಲೆ ಅಂತ ಮೊದಲು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿಡ್ ಮಿತಿ ಇಟ್ಟುಕೊಳ್ಳಿ.

ಶೋಕೇಸು:
ಹಳೆತಾಮ್ರ ಸರ್, ಆ ಎರಡನೇ ಡಬ್ಬಿಗೆ ಈ ಪ್ರಶ್ನೆಗಳನ್ನು ಕಳಿಸಿದಿರಾ? ಏನು ಬಂತು ಉತ್ತರ?

ಹಳೆತಾಮ್ರ:
ಕಳಿಸಿದ್ದೆ, ಪಾಪ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ಯುವಿ ಫೋಟೋದಲ್ಲಿ ಮುಚ್ಚಳದ ಅಂಚಿನ ಸುತ್ತ ಒಂದು ಪಟ್ಟಿ, ಮತ್ತೆ ಚಿತ್ರದ ಎಡಗಡೆಯ ಬಿಳಿ ಭಾಗ ಪೂರ್ತಿ ಹಾಲಿನಂತೆ ಹೊಳೆಯುತ್ತಿದೆ. ಮುಚ್ಚಳದ ಕಾಲು ಭಾಗದಷ್ಟು ಆಯಿತು. ಕೆಳಗೆ ಎಷ್ಟು ಅಸಲಿ ಇದೆ ಅಂತ ಅವರಿಗೂ ಗೊತ್ತಿಲ್ಲ. ನಾನು ಮೊದಲನೆಯದಕ್ಕೇ ಬಿಡ್ ಹಾಕುತ್ತೇನೆ. ಎರಡನೆಯದು ಎಸ್ಟಿಮೇಟಿನ ಮೂರನೇ ಒಂದು ಭಾಗಕ್ಕೆ ಬಂದರೆ ನೋಡಬಹುದು, ಕೀಲು ಮತ್ತು ಒಳಬದಿಯ ಚಿತ್ರ ನಿಜಕ್ಕೂ ಚೆನ್ನಾಗಿದೆ.

ಶೋಕೇಸು:
ಕಾಲು ಭಾಗ ಅಂದರೆ ನಾನೂ ಬಿಡುತ್ತಿದ್ದೆ. ಇಷ್ಟನ್ನು "ಸ್ವಲ್ಪ" ಅಂತ ಬರೆಯಬಾರದಿತ್ತು.

ಹೊಸಕೈ:
ಕೊನೆಯದಾಗಿ, ಗೆದ್ದ ಮೇಲೆ ತರಿಸಿಕೊಳ್ಳುವುದು ಮತ್ತು ಇಟ್ಟುಕೊಳ್ಳುವುದು ಹೇಗೆ?

ಕುಲುಮೆಕೆಲಸ:
ಮುಚ್ಚಳ ಮತ್ತು ಡಬ್ಬಿಯ ನಡುವೆ ಆಮ್ಲರಹಿತ ತೆಳು ಕಾಗದ ಇಡಲು ಹೇಳಿ, ದಾರಿಯಲ್ಲಿ ಒಂದಕ್ಕೊಂದು ಬಡಿಯಬಾರದು. ಎನಾಮೆಲ್ ಮೇಲೆ ನೇರವಾಗಿ ಟೇಪ್ ಅಂಟಿಸಬಾರದು, ಎದ್ದ ಅಂಚು ಟೇಪಿನ ಜೊತೆ ಬಂದುಬಿಡುತ್ತದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು, ನಡುವೆ ಮೆತ್ತೆ ಇರಲಿ.

ಅಲ್ಟ್ರಾಸೋನಿಕ್ ತೊಳೆಯುವ ಯಂತ್ರಕ್ಕೆ ಹಾಕಲೇಬೇಡಿ, ಬಿರುಕಿರುವ ಗಾಜು ಉದುರಿಹೋಗುತ್ತದೆ. ನೀರಿನಲ್ಲಿ ನೆನೆಸಬೇಡಿ, ಲೋಹಕ್ಕೆ ಹಾಕುವ ಪಾಲಿಶ್ ಎನಾಮೆಲ್‌ಗೆ ತಾಗಿಸಬೇಡಿ. ಒಣಗಿದ ಮೆದು ಕುಂಚದಿಂದ ಧೂಳು ತೆಗೆದರೆ ಸಾಕು. ಬಿಸಿಲು ಬೀಳುವ ಕಿಟಕಿ, ಬಿಸಿಯಾಗುವ ದೀಪದ ಕೆಳಗೆ ಇಡಬೇಡಿ, ಯಾಕೆಂದರೆ ಲೋಹ ಮತ್ತು ಗಾಜು ಹಿಗ್ಗುವ ಪ್ರಮಾಣ ಬೇರೆ ಬೇರೆ. ಗಾಳಿಯ ತೇವ ಪದೇ ಪದೇ ಏರಿಳಿಯದ ಜಾಗ ಒಳ್ಳೆಯದು. ಹಳೆ ಲಿಮೋಜ್ ಚಿತ್ರಗಳಲ್ಲಿ ಕೆಲವು ನೀಲಿ, ನೇರಳೆ ಬಣ್ಣದ ಗಾಜು ತೇವಕ್ಕೆ ಬೆವರಿದಂತಾಗಿ ಜಿಗುಟಾಗುತ್ತದೆ, ಆಮೇಲೆ ಸಣ್ಣ ಬಿರುಕು ಬಿಡುತ್ತದೆ. ಅಂಥದ್ದು ಕಂಡರೆ ಒರೆಸಲು ಹೋಗದೆ ಗಾಜು ಬಲ್ಲ ಸಂರಕ್ಷಕರಿಗೆ ತೋರಿಸಿ. ಬಂದ ದಿನವೇ ಎಲ್ಲ ಬದಿಯ ಫೋಟೋ ತೆಗೆದಿಡಿ, ಹರಾಜಿನವರು ಕೊಟ್ಟ ಉತ್ತರದ ಪ್ರತಿಯನ್ನೂ ಅದರ ಜೊತೆ ಇಡಿ. ಮುಂದೆ ನೀವು ಮಾರುವಾಗ ಕೊಳ್ಳುವವರು ಇದೇ ಪ್ರಶ್ನೆ ಕೇಳುತ್ತಾರೆ.